ನಕ್ಷೆಯಲ್ಲಿ ಅಳಿಸಿದ ಗಡಿ, ಕಡತದಲ್ಲಿ ಉಳಿದ ಗಡಿ: ಶಾಸಕರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಮಾನ್ಯ ಸದಸ್ಯರಿಗೆ,

ನಮಸ್ಕಾರ.

ಪ್ರತಿ ವರ್ಷ ನವೆಂಬರ್ 1ರಂದು ನಿಮ್ಮ ಭಾಷಣಗಳಲ್ಲಿ ತಪ್ಪದೆ ಬರುವ ಮಾತೊಂದಿದೆ: ಹರಿದು ಹಂಚಿಹೋಗಿದ್ದ ನಾಡು 1956ರಲ್ಲಿ ಒಂದಾಯಿತು, ಹಳೆಯ ಗಡಿಗಳೆಲ್ಲ ಅಳಿಸಿಹೋದವು. ಚಳಿಗಾಲದ ಅಧಿವೇಶನಕ್ಕೆ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬಂದರೆ ಅದೇ ನೀವು, ಹಳೆಯ ಮೈಸೂರಿನವರು ಎಲ್ಲವನ್ನೂ ಬಾಚಿಕೊಂಡರು ಎಂದೂ, ಉತ್ತರದವರಿಗೆ ಎಷ್ಟು ಕೊಟ್ಟರೂ ಸಾಲದು ಎಂದೂ ವಾದ ಹೂಡುತ್ತೀರಿ. ವಾದಕ್ಕೆ ಸರ್ಕಾರದ ಉತ್ತರ ಬರುವ ಹೊತ್ತಿಗೆ ಸದನ ಅರ್ಧ ಖಾಲಿಯಾಗಿರುತ್ತದೆ. ಎರಡು ಮಾತಿನಲ್ಲಿ ಯಾವುದು ನಿಜ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಎರಡೂ ಅರೆಬರೆ ಎಂದು ತೋರಿಸಲು ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ದಸ್ತಾವೇಜು ಬರೆಯುವವನು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಅಡಮಾನ ಪತ್ರ ಇವೇ ನನ್ನ ಅನ್ನ. ಇಲ್ಲಿ ಕುಳಿತವನಿಗೆ ಹಳೆಯ ಗಡಿಗಳು ಪಠ್ಯಪುಸ್ತಕದ ವಿಷಯವಾಗಿ ಉಳಿಯುವುದಿಲ್ಲ. ನಾವಿರುವುದು ಹಳೆಯ ಮೈಸೂರು ಸಂಸ್ಥಾನದ ನೆಲ. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿ ಆಚೆ ದಡ ಹತ್ತಿದರೆ ರಾಣೆಬೆನ್ನೂರು ತಾಲೂಕು, ಅದು ಹಳೆಯ ಮುಂಬಯಿ ಪ್ರಾಂತ. ಉತ್ತರಕ್ಕೆ ಹರಪನಹಳ್ಳಿಯ ದಾರಿ ಹಿಡಿದರೆ ಹಳೆಯ ಮದರಾಸು ಪ್ರಾಂತ. ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಮೂರು ಪ್ರಾಂತಗಳನ್ನು ಸುತ್ತಿ ಬರಬಹುದು. ಯಾರೂ ತಡೆಯುವುದಿಲ್ಲ, ಸುಂಕ ಕೇಳುವುದಿಲ್ಲ, ಭಾಷೆಯೂ ಕನ್ನಡವೇ. ಆದರೆ ಮೂರೂ ಕಡೆಯ ಜಮೀನಿನ ಕಾಗದಗಳನ್ನು ಒಂದೇ ಮೇಜಿನ ಮೇಲೆ ಹರಡಿ ನೋಡಿ. ಎಪ್ಪತ್ತು ವರ್ಷದ ಹಿಂದೆ ಸತ್ತಿತೆಂದು ನೀವು ಹೇಳುವ ಗಡಿ ಅಲ್ಲಿ ಉಸಿರಾಡುತ್ತಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಮುಂಬಯಿ ಸರ್ಕಾರ ಜಮೀನನ್ನು ಎಕರೆ ಮತ್ತು ಗುಂಟೆಯಲ್ಲಿ ಅಳೆಯಿತು. ಮೈಸೂರು ಸಂಸ್ಥಾನವೂ 1860ರ ದಶಕದಲ್ಲಿ ಮುಂಬಯಿಯ ಮಾದರಿಯಲ್ಲೇ ತನ್ನ ಸರ್ವೆ ಇಲಾಖೆಯನ್ನು ಕಟ್ಟಿತು. ಹಾಗಾಗಿ ಇಬ್ಬರದೂ ಒಂದೇ ಲೆಕ್ಕ: 40 ಗುಂಟೆಗೆ ಒಂದು ಎಕರೆ. ಮದರಾಸು ಸರ್ಕಾರ ಮಾತ್ರ ಎಕರೆಯನ್ನು 100 ಸೆಂಟ್ ಮಾಡಿ ಅಳೆಯಿತು. ಬಳ್ಳಾರಿ, ದಕ್ಷಿಣ ಕನ್ನಡ, ಉಡುಪಿಯವರು ಇವತ್ತಿಗೂ ಸೆಂಟಿನಲ್ಲೇ ಮಾತನಾಡುವುದು ಅದರಿಂದ. ಕೊಡಗಿನವರೂ ಸೆಂಟಿನವರೇ.

ಇದರಿಂದ ಯಾರಿಗೇನು ತೊಂದರೆ ಎನ್ನಬಹುದು. ಹರಪನಹಳ್ಳಿ ಕಡೆಯ ಒಂದು ಹೊಲ ಮಾರಾಟಕ್ಕಿತ್ತು. ಕಾಗದದಲ್ಲಿ ವಿಸ್ತೀರ್ಣ 1.20 ಎಂದಿತ್ತು. ಕೊಳ್ಳುವವರು ದಾವಣಗೆರೆ ತಾಲೂಕಿನವರು. ಹುಟ್ಟಿದಂದಿನಿಂದ 1-20 ಎಂದರೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ ಎಂದು ಓದಿ ಬೆಳೆದವರು. ಒಂದೂವರೆ ಎಕರೆಯ ಲೆಕ್ಕದಲ್ಲೇ ದರ ಮಾತಾಡಿ ಮುಂಗಡ ಕೊಟ್ಟು ನನ್ನ ಬಳಿ ಬಂದರು. ಅದು ಸೆಂಟಿನ ನಾಡಿನ ಕಾಗದ. 1.20 ಎಂದರೆ ಅಲ್ಲಿ ಒಂದು ಎಕರೆ ಇಪ್ಪತ್ತು ಸೆಂಟ್, ನಮ್ಮ ಲೆಕ್ಕದಲ್ಲಿ ಒಂದು ಎಕರೆ ಎಂಟು ಗುಂಟೆ. ಹನ್ನೆರಡು ಗುಂಟೆ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿರಲಿಲ್ಲ, ಮೊದಲಿಗೆ ಇರಲೇ ಇಲ್ಲ. ಮಾರುವವರು ಮೋಸ ಮಾಡಿರಲಿಲ್ಲ, ಅವರು ತಮ್ಮ ತಾತನ ಕಾಲದಿಂದ ಬಂದ ಲೆಕ್ಕವನ್ನೇ ಹೇಳಿದ್ದರು. ಒಂದು ಚುಕ್ಕಿಗೂ ಒಂದು ಅಡ್ಡಗೆರೆಗೂ ನಡುವೆ ಮೈಸೂರಿನ ಮಹಾರಾಜರೂ ಮದರಾಸಿನ ಗವರ್ನರೂ ನಿಂತಿದ್ದರು. ಅವತ್ತು ಎರಡು ಮನೆಯವರು ಕೂಗಾಡಿಕೊಂಡು ಎದ್ದು ಹೋದರು. ವಾರದ ಮೇಲೆ ದರ ಇಳಿಸಿಕೊಂಡು ಮತ್ತೆ ಬಂದರು, ಪತ್ರವಾಯಿತು. ಎಲ್ಲರ ವ್ಯವಹಾರವೂ ಹೀಗೆ ಸುಖಾಂತ್ಯವಾಗುವುದಿಲ್ಲ.

ಮುಂಬಯಿ ಕಡೆಯ ಕಾಗದದಲ್ಲಿ ಗುಂಟೆಯ ಕೆಳಗೆ ಆಣೆಯೂ ಇರುತ್ತದೆ, 16 ಆಣೆಗೆ ಒಂದು ಗುಂಟೆ. ನಾವು ಪಹಣಿ ಎನ್ನುವುದನ್ನು ಅವರು ಉತಾರ ಎನ್ನುತ್ತಾರೆ, ನಾವು ಕಂದಾಯ ಬರೆಯುವ ಜಾಗದಲ್ಲಿ ಅವರು ಆಕಾರ ಬರೆಯುತ್ತಾರೆ, ಕರಾವಳಿಯವರು ತೀರ್ವೆ ಬರೆಯುತ್ತಾರೆ. ಇದು ತೊಡಕಲ್ಲ, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ. ಆದರೆ ಬೀದರ್, ಕಲಬುರಗಿ ಕಡೆಯ ಹಳೆಯ ಮೂಲ ದಾಖಲೆ ಬಂದರೆ ನಾನು ಕೈಕಟ್ಟಿ ಕೂರಬೇಕು. ಆ ಸೀಮೆಯನ್ನು ಆಳಿದ ಹೈದರಾಬಾದ್ ನಿಜಾಮರ ಆಡಳಿತ ಭಾಷೆ ಉರ್ದು. ಕಾಗದವೂ ಉರ್ದು, ವರ್ಷವೂ ಫಸಲಿ ಎಂಬ ಹಳೆಯ ಕಂದಾಯ ವರ್ಷ. ಫಸಲಿ 1350 ಎಂದರೆ ನಮ್ಮ ಲೆಕ್ಕದ 1940–41. ಅಚ್ಚಾದ ಉರ್ದುವನ್ನು ಓದುವವರು ಸಿಗುತ್ತಾರೆ. ಕಚೇರಿಯ ಗುಮಾಸ್ತ ಅವಸರದಲ್ಲಿ ಬರೆದ ಉರ್ದುವನ್ನು ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಾಲವಾಗುತ್ತಿದ್ದಾರೆ. ಅಜ್ಜನ ಹೆಸರಿನ ಹೊಲ ತನ್ನದೆಂದು ಸಾಬೀತು ಮಾಡಬೇಕಾದ ರೈತ, ತನ್ನದೇ ರಾಜ್ಯದಲ್ಲಿ, ತನ್ನದೇ ಆಸ್ತಿಯ ಕಾಗದಕ್ಕೆ ಅನುವಾದಕನನ್ನು ಹುಡುಕಿಕೊಂಡು ಅಲೆಯುತ್ತಾನೆ. ಅವನ ಪಾಲಿಗೆ ಏಕೀಕರಣ ಇನ್ನೂ ಮುಗಿದಿಲ್ಲ.

ಈ ಮಾತು ನನ್ನಂಥ ಬರಹಗಾರನ ಗೊಣಗಾಟ ಎಂದು ಅನ್ನಿಸಿದರೆ ನೀವೇ ಮಾಡಿದ ಕಾನೂನನ್ನು ತೆರೆದು ನೋಡಿ. ಕರ್ನಾಟಕ ಭೂಕಂದಾಯ ಕಾಯ್ದೆ, 1964. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದ್, ಕೊಡಗು ಎಂಬ ಐದು ಪ್ರಾಂತಗಳ ಐದು ಪದ್ಧತಿಗಳನ್ನು ಒಂದು ಮಾಡಲೆಂದೇ ಬಂದ ಕಾಯ್ದೆ ಅದು. ಅದರ 79ನೆಯ ಕಲಂ ಏನು ಹೇಳುತ್ತದೆ? ದಕ್ಷಿಣ ಕನ್ನಡದ ಕುಮ್ಕಿ, ಕಾನೆ, ಬಾಣೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಮೈಸೂರು ಪ್ರದೇಶದ ಕಾನು, ಸೊಪ್ಪಿನಬೆಟ್ಟ. ಕೊಡಗಿನ ಜಮ್ಮಾ, ಬಾಣೆ. ಹೈದರಾಬಾದ್ ಪ್ರದೇಶದ ಮೋಟಸ್ಥಳ ತರಿ ಜಮೀನು. ಹೀಗೆ ಆಯಾ ಸೀಮೆಯಲ್ಲಿ ರೂಢಿಯ ಹೆಸರಿದ್ದ ಜಮೀನುಗಳ ಮೇಲೆ ಜನರಿಗಿದ್ದ ಸೌಲಭ್ಯಗಳು ಮುಂದುವರಿಯುತ್ತವೆ ಎನ್ನುತ್ತದೆ. ಒಂದೇ ಕಲಮಿನಲ್ಲಿ ಹಳೆಯ ಕರ್ನಾಟಕದ ಇಡೀ ನಕ್ಷೆ. ಇದನ್ನು ಬರೆದವರು ದಡ್ಡರಲ್ಲ. ತೋಟಕ್ಕೆ ಸೊಪ್ಪು ಕಡಿಯುವ ಮಲೆನಾಡಿನವನಿಗೂ, ತನ್ನ ವರ್ಗ ಜಮೀನಿನ, ಅಂದರೆ ಪಟ್ಟಾ ಜಮೀನಿನ, ಪಕ್ಕದ ಕುಮ್ಕಿಯಲ್ಲಿ ಸೌದೆ ಸೊಪ್ಪು ತರುವ ಕರಾವಳಿಯವನಿಗೂ ಆ ಹಕ್ಕು ಬದುಕಿನ ಭಾಗವಾಗಿತ್ತು. ಏಕರೂಪದ ಹೆಸರಿನಲ್ಲಿ ಅದನ್ನು ಕಿತ್ತುಕೊಂಡರೆ ಏಕೀಕರಣವೇ ಶತ್ರುವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಹಳೆಯ ಗಡಿಯನ್ನು ಉಳಿಸಿಕೊಂಡು ಹೊಸ ರಾಜ್ಯ ಕಟ್ಟಿದ ಜಾಣ್ಮೆ ಅದು. ಅಂಥ ಗಡಿ ಇರಲಿ ಎಂಬುದು ನನ್ನ ವಾದ. ಕುಮ್ಕಿ ಅಂದರೆ ಏನೆಂದು ತಿಳಿಯದ ಬಯಲುಸೀಮೆಯ ಅಧಿಕಾರಿ ಪುತ್ತೂರಿಗೆ ವರ್ಗವಾಗಿ ಹೋದಾಗ ಅದನ್ನು ಬರಿಯ ಒತ್ತುವರಿ ಎಂದು ತಿಳಿಯದಿರುವಷ್ಟು ತರಬೇತಿ ಮಾತ್ರ ಸಿಗಲಿ.

ದೇವಸ್ಥಾನಗಳ ಕತೆ ಇನ್ನೂ ಸ್ವಾರಸ್ಯ. ಮೈಸೂರಿನ 1927ರ ಕಾಯ್ದೆ, ಮದರಾಸಿನ 1951ರ ಕಾಯ್ದೆ, ಮುಂಬಯಿಯ ಸಾರ್ವಜನಿಕ ನ್ಯಾಸಗಳ ಕಾಯ್ದೆ, ಹೈದರಾಬಾದಿನ ನಿಯಮ, ಕೊಡಗಿನ ಪ್ರತ್ಯೇಕ ಕಾಯ್ದೆ, ಹೀಗೆ ಒಂದು ರಾಜ್ಯದ ದೇವರುಗಳನ್ನು ಐದು ಕಾನೂನುಗಳು ಕಾಯುತ್ತಿದ್ದವು. ಅವನ್ನು ಒಂದು ಮಾಡುವ ಕಾಯ್ದೆಯನ್ನು ನೀವು ಮಾಡಿದ್ದು 1997ರಲ್ಲಿ, ಅದು ಜಾರಿಗೆ ಬಂದಿದ್ದು 2003ರಲ್ಲಿ. ನ್ಯಾಯಾಲಯದ ವ್ಯಾಜ್ಯ ಅದರ ಬೆನ್ನು ಬಿಡಲಿಲ್ಲ.

ಇನ್ನು ಮನೆಗೆ ಬರುವ ವಿದ್ಯುತ್ ಬಿಲ್ ನೋಡಿ. ಹುಬ್ಬಳ್ಳಿ ವಿದ್ಯುತ್ ಕಂಪನಿಯ ವ್ಯಾಪ್ತಿ ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರ, ಉತ್ತರ ಕನ್ನಡ. ಇದು 1956ರಲ್ಲಿ ಮುಂಬಯಿಯಿಂದ ಬಂದ ನಾಲ್ಕು ಜಿಲ್ಲೆಗಳ ತದ್ವತ್ ಪ್ರತಿ, ನಡುವೆ ಜಿಲ್ಲೆಗಳು ಒಡೆದಿವೆ ಅಷ್ಟೇ. ರೈಲಿಗೆ ಹೋದರೆ ಮಂಗಳೂರು ಸೆಂಟ್ರಲ್ ನಿಲ್ದಾಣ ಪಾಲಕ್ಕಾಡ್ ವಿಭಾಗಕ್ಕೆ ಸೇರಿದೆ, ಕಲಬುರಗಿ ನಿಲ್ದಾಣ ಸೊಲ್ಲಾಪುರ ವಿಭಾಗಕ್ಕೆ. ಮದರಾಸು ಮತ್ತು ಮುಂಬಯಿಯಿಂದ ಬಂದ ಹಳಿಗಳು ಯಾರ ಕೈಯಲ್ಲಿದ್ದವೋ ಅವರ ವಾರಸುದಾರರ ಕೈಯಲ್ಲೇ ಇವೆ. ಕಲಬುರಗಿಗೆ ಪ್ರತ್ಯೇಕ ವಿಭಾಗ ಕೊಡುತ್ತೇವೆಂದು ಘೋಷಿಸಿದ್ದು 2014ರಲ್ಲಿ. ಹೆಚ್ಚು ಹೇಳುವುದಿಲ್ಲ.

ಕುಮಟಾ, ಹೊನ್ನಾವರದವರ ಪಾಡನ್ನು ಮಾತ್ರ ಹೇಳಲೇಬೇಕು. ಕನ್ನಡ ಕರಾವಳಿ ಒಂದೇ ಜಿಲ್ಲೆಯಾಗಿ ಮದರಾಸಿನ ಕೆಳಗಿತ್ತು. 1862ರಲ್ಲಿ ಅದರ ಉತ್ತರ ಭಾಗವನ್ನು ಕತ್ತರಿಸಿ ಮುಂಬಯಿಗೆ ಕೊಟ್ಟರು. ಯಾಕೆ? ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತಿತ್ತು, ಧಾರವಾಡ ಸೀಮೆಯ ಹತ್ತಿಯನ್ನು ಹಡಗಿಗೆ ಹೇರಲು ಕಾರವಾರದ ಬಂದರು ಮುಂಬಯಿಯ ವ್ಯಾಪಾರಿಗಳಿಗೆ ಬೇಕಿತ್ತು. ಹತ್ತಿಯ ವ್ಯಾಪಾರ ಯಾವತ್ತೋ ಮುಗಿಯಿತು. ಆದರೆ ಉತ್ತರ ಕನ್ನಡ ಇಂದಿಗೂ ಬೆಳಗಾವಿ ಕಂದಾಯ ವಿಭಾಗ, ಹುಬ್ಬಳ್ಳಿಯ ವಿದ್ಯುತ್ ಕಂಪನಿ, ಹುಬ್ಬಳ್ಳಿಯ ಸಾರಿಗೆ ನಿಗಮ, ಧಾರವಾಡದ ಹೈಕೋರ್ಟ್ ಪೀಠ. ಪಕ್ಕದ ಬೈಂದೂರಿನವರಿಗೂ ಭಟ್ಕಳದವರಿಗೂ ಒಂದೇ ಕಡಲು, ಒಂದೇ ಮಳೆ. ಮೇಲಧಿಕಾರಿಯನ್ನು ಕಾಣಲು ಮಾತ್ರ ಒಬ್ಬರು ತೆಂಕಣಕ್ಕೆ, ಇನ್ನೊಬ್ಬರು ಘಟ್ಟ ಹತ್ತಿ ಬಡಗಣಕ್ಕೆ. ಅಮೆರಿಕದ ಯುದ್ಧ ನಮ್ಮ ಕರಾವಳಿಯ ಕಕ್ಷಿದಾರನ ಬಸ್ಸಿನ ದಿಕ್ಕನ್ನು ತೀರ್ಮಾನಿಸಿದೆ ಎಂದರೆ ನಂಬುತ್ತೀರಾ?

ಹಾಗೆಂದು ಎಲ್ಲ ವ್ಯತ್ಯಾಸವನ್ನೂ ಹಳೆಯ ದೊರೆಗಳ ತಲೆಗೆ ಕಟ್ಟುವುದು ತಪ್ಪು. ಜೋಳದ ಸೀಮೆ, ರಾಗಿಯ ಸೀಮೆ ಎಂದು ಹೇಳುವಾಗ ಅದನ್ನು ನಿಜಾಮ ಮತ್ತು ಒಡೆಯರ ಗಡಿ ಎಂಬಂತೆ ಹೇಳುತ್ತಾರೆ. ಜೋಳ ಬೆಳೆಯುವುದು ಕಪ್ಪುಮಣ್ಣಿಗೆ, ರಾಗಿ ಕೆಂಪುಮಣ್ಣಿಗೆ. ಹಳೆಯ ಮೈಸೂರಿನದೇ ಆದ ಚಿತ್ರದುರ್ಗ ಜಿಲ್ಲೆಯೊಳಗೇ ರೊಟ್ಟಿಯೂ ಮುದ್ದೆಯೂ ಇವೆ. ಮಣ್ಣು ಮಾಡಿದ ಗಡಿಯನ್ನು ಮಸೂದೆಯಿಂದ ಅಳಿಸಲಾಗದು, ಅಳಿಸುವ ಅಗತ್ಯವೂ ಇಲ್ಲ. ರಾಜಕಾರಣಿಗಳು ಈ ಎರಡನ್ನೂ ಕಲಸಿದಾಗ ನನಗೆ ಸಿಟ್ಟು ಬರುತ್ತದೆ. ಊಟ, ಮಾತಿನ ಧಾಟಿ, ಹಬ್ಬ ಬೇರೆ ಇರುವುದನ್ನೇ ಅನ್ಯಾಯದ ಸಾಕ್ಷಿ ಎಂಬಂತೆ ತೋರಿಸಿ, ನಿಜವಾದ ಅನ್ಯಾಯದ ಲೆಕ್ಕವನ್ನು ಪಕ್ಕಕ್ಕೆ ಸರಿಸುತ್ತಾರೆ.

ಹಳೆಯ ಗಡಿಗಿಂತ ಹೊಸ ಗಡಿಯೇ ಹೆಚ್ಚು ಕ್ರೂರವಾಗುವುದೂ ಉಂಟು. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಆ ವರದಿ ಜಾರಿಯಾಗಲಿಲ್ಲ. ನಕ್ಷೆ ಏನೇ ಹೇಳಲಿ, ಮಂಜೇಶ್ವರದವರಿಗೆ ಪೇಟೆಯೂ ಆಸ್ಪತ್ರೆಯೂ ಮಂಗಳೂರೇ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ನಮ್ಮ ಸರ್ಕಾರ ಕೇರಳ ಗಡಿಯ ತಲಪಾಡಿಯನ್ನು ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ಡಯಾಲಿಸಿಸ್‌ಗೆ, ಹೃದಯದ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ರೋಗಿಗಳು ಗಡಿಯಲ್ಲಿ ನಿಂತರು. ಆಸ್ಪತ್ರೆ ತಲುಪಲಾಗದೆ ಜೀವಗಳು ಹೋದ ಸುದ್ದಿ ಒಂದರ ಹಿಂದೆ ಒಂದು ಬಂತು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ದಾರಿ ತೆರೆಸಬೇಕೆಂದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಕೊನೆಗೆ ಷರತ್ತಿನ ಮೇಲೆ ರೋಗಿಗಳಿಗೆ ದಾರಿ ಬಿಟ್ಟರು. ಹಳೆಯ ಜಿಲ್ಲೆಯೊಂದರ ಜನ ತಮ್ಮ ಹಳೆಯ ಜಿಲ್ಲಾಕೇಂದ್ರಕ್ಕೆ ಬರಲು ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. ಕಾಸರಗೋಡು ನಮ್ಮದು ಎಂದು ಅರವತ್ತು ವರ್ಷ ಘೋಷಣೆ ಕೂಗಿದ ರಾಜ್ಯ ಮಾಡಿದ ಕೆಲಸ ಇದು. ಆ ಘೋಷಣೆಯನ್ನು ಈಗ ಕೇಳಿದರೆ ನನಗೆ ಮುಜುಗರವಾಗುತ್ತದೆ.

ಈಗ ನಿಮ್ಮ ಸದನದಲ್ಲಿ ಅತಿ ಹೆಚ್ಚು ಸದ್ದು ಮಾಡುವ ವಿಷಯಕ್ಕೆ ಬರುತ್ತೇನೆ.

ಹಳೆಯ ಹೈದರಾಬಾದ್ ಸೀಮೆಗೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ವಿಧಿಯ ಬಗ್ಗೆ ನನಗೆ ಗೌರವವಿದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೇ ಪರದಾಡಿದ, ಆಮೇಲೆ ಬೆಂಗಳೂರಿನ ಕಣ್ಣಿಗೂ ಬೀಳದ ಸೀಮೆಗೆ ಅದು ತಡವಾಗಿ ಸಿಕ್ಕ ನ್ಯಾಯ. ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಹೋರಾಡಿದರು, 2012ರಲ್ಲಿ ಸಂಸತ್ತು 98ನೆಯ ತಿದ್ದುಪಡಿಗೆ ಒಪ್ಪಿತು. ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು ಸೀಟು, ರಾಜ್ಯದ ಉಳಿದೆಡೆ ಶೇ 8ರಷ್ಟು. ಇದರಿಂದ ವೈದ್ಯರೂ ಎಂಜಿನಿಯರರೂ ಆದ ಮಕ್ಕಳ ಅಪ್ಪಂದಿರನ್ನು ನಾನೇ ಬಲ್ಲೆ. ಅದನ್ನು ತೆಗೆಯಿರಿ ಎನ್ನುವವರ ಜೊತೆ ನನ್ನನ್ನು ಸೇರಿಸಬೇಡಿ.

ನನ್ನ ತಕರಾರು ಗೆರೆ ಎಳೆದ ರೀತಿಯ ಬಗ್ಗೆ. ಹೈದರಾಬಾದ್ ಕರ್ನಾಟಕ ಎಂದು ನಾವು ಕರೆಯುತ್ತಿದ್ದ, 2019ರಿಂದ ಕಲ್ಯಾಣ ಕರ್ನಾಟಕವಾದ ಸೀಮೆಯೊಳಗೆ ಬಳ್ಳಾರಿಯೂ ಇದೆ. ಬಳ್ಳಾರಿಯನ್ನು ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿದ್ದು 1800ರಲ್ಲಿ. ಹೈದರಾಬಾದ್ ಭಾರತದೊಳಗೆ ಸೇರಿದ 1948ರ ಸೆಪ್ಟೆಂಬರ್ 17ಕ್ಕೆ ಬಳ್ಳಾರಿಯವರು ಮದರಾಸು ಪ್ರಾಂತದ ಪ್ರಜೆಗಳಾಗಿ ಒಂದು ವರ್ಷದ ಹಿಂದೆಯೇ ಸ್ವತಂತ್ರರಾಗಿದ್ದರು. ಅವರು ಕರ್ನಾಟಕಕ್ಕೆ ಬಂದಿದ್ದೂ ಬೇರೆಯಾಗಿ, 1953ರ ಅಕ್ಟೋಬರ್ 1ರಂದು, ಉಳಿದವರಿಗಿಂತ ಮೂರು ವರ್ಷ ಮೊದಲು, ಅದೂ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಆಂಧ್ರಕ್ಕೆ ಕಳೆದುಕೊಂಡು. ಅಂದ ಮೇಲೆ ಬಳ್ಳಾರಿ 371ಜೆಯೊಳಗೆ ಬಂದಿದ್ದು ಇತಿಹಾಸದ ಬಲದಿಂದಲ್ಲ. ಅದು ಕಲಬುರಗಿ ಕಂದಾಯ ವಿಭಾಗದಲ್ಲಿತ್ತು, ಹಿಂದುಳಿದಿತ್ತು. ಸರಿ, ಬರಲಿ. ಆದರೆ ಹಿಂದುಳಿದಿರುವುದೇ ಅಳತೆಗೋಲು ಎಂದಾದರೆ ಆ ಕೋಲನ್ನು ಜಿಲ್ಲೆಯ ಗಡಿಯಲ್ಲಿ ಯಾಕೆ ಮುರಿದಿರಿ?

ಹರಪನಹಳ್ಳಿಯ ಪುರಾಣ ಕೇಳಿ. ಅದು ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ, ಹತ್ತಿರದ ಪೇಟೆ ಇದೇ ಎಂಬ ಕಾರಣಕ್ಕೆ, ಈ ಕಡೆ ಬಂತು. ಯಾರೂ ಬೇಸರಪಡಲಿಲ್ಲ. ಹತ್ತಿ, ಮೆಕ್ಕೆಜೋಳ ಮಾರಲು, ಆಸ್ಪತ್ರೆಗೆ, ಮದುವೆಯ ಜವಳಿಗೆ ಅವರು ಬರುತ್ತಿದ್ದುದು ದಾವಣಗೆರೆಗೇ. ಆಮೇಲೆ 371ಜೆ ಬಂತು. ಪಟ್ಟಿಯಲ್ಲಿ ಬಳ್ಳಾರಿ ಜಿಲ್ಲೆ ಇತ್ತು, ದಾವಣಗೆರೆ ಇರಲಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಹರಪನಹಳ್ಳಿಯ ಹುಡುಗನಿಗೂ ಕೊಟ್ಟೂರಿನ ಹುಡುಗನಿಗೂ ನಡುವೆ ಗೋಡೆ ಎದ್ದಿತು. ಒಂದೇ ಮಣ್ಣು, ಒಂದೇ ಬರ. ಬಂದ್ ಆಯಿತು, ಧರಣಿ ಆಯಿತು, ಪಾದಯಾತ್ರೆ ಆಯಿತು. ಕೊನೆಗೆ ಸೌಲಭ್ಯವೂ ಸಿಕ್ಕಿತು, ತಾಲೂಕು ಬಳ್ಳಾರಿಗೂ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೂ ಸೇರಿತು. ಊರು ಇದ್ದಲ್ಲೇ ಇದೆ. ಜನ ಈಗಲೂ ಜವಳಿಗೆ ದಾವಣಗೆರೆಗೇ ಬರುತ್ತಾರೆ, ಸಹಿಗೆ ಹೊಸಪೇಟೆಗೆ ಹೋಗುತ್ತಾರೆ.

ಅದರ ಪಕ್ಕದಲ್ಲೇ ಜಗಳೂರು. ಹಳೆಯ ಮೈಸೂರಿನ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ತಾಲೂಕು, ಈಗ ದಾವಣಗೆರೆಯದು. ಮಳೆಯಿಲ್ಲ, ನದಿಯಿಲ್ಲ, ಗುಳೆ ಹೋಗುವುದು ತಪ್ಪಿಲ್ಲ. ಗಡಿಯ ಆಚೆ ಕೂಡ್ಲಿಗಿಯ ಹುಡುಗಿ ಉಪವಿಭಾಗಾಧಿಕಾರಿಯ ಕಚೇರಿಯಿಂದ ಒಂದು ಅರ್ಹತಾ ಪ್ರಮಾಣಪತ್ರ ತಂದು ವೈದ್ಯಕೀಯ ಸೀಟಿನ ಅರ್ಜಿಗೆ ಲಗತ್ತಿಸುತ್ತಾಳೆ. ಈಚೆಯ ಜಗಳೂರಿನ ಹುಡುಗಿಗೆ ಆ ಕಾಗದ ಇಲ್ಲ. ಅವಳ ಮುತ್ತಾತ ಮಹಾರಾಜರ ಪ್ರಜೆಯಾಗಿದ್ದ ಎಂಬುದೇ ಅವಳ ಅನರ್ಹತೆ. ಮಹಾರಾಜರು ಮೈಸೂರಿಗೆ ವಿಶ್ವವಿದ್ಯಾಲಯ ಕಟ್ಟಿದರು, ಬೆಂಗಳೂರಿಗೆ ವಿದ್ಯುತ್ ತಂದರು, ಕನ್ನಂಬಾಡಿ ಕಟ್ಟಿದರು. ಎಲ್ಲ ನಿಜ. ಜಗಳೂರಿಗೆ ಅದರಲ್ಲಿ ಯಾವುದು ಬಂತು?

ಇದನ್ನು ಲೆಕ್ಕ ಹಾಕಿ ಹೇಳಿದವರು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ. 2002ರಲ್ಲಿ ಅವರ ಸಮಿತಿ ಕೊಟ್ಟ ವರದಿಯ ಹೆಸರನ್ನು ನೀವು ಪ್ರತಿ ಅಧಿವೇಶನದಲ್ಲೂ ಹೇಳುತ್ತೀರಿ. ಅದರ ಬುದ್ಧಿವಂತಿಕೆ ಇದ್ದದ್ದು ಇಲ್ಲಿ: ಅವರು ಪ್ರಾಂತವನ್ನು ಅಳೆಯಲಿಲ್ಲ, ತಾಲೂಕನ್ನು ಅಳೆದರು. 35 ಸೂಚಕಗಳನ್ನು ಹಿಡಿದು ಆಗಿದ್ದ 175 ತಾಲೂಕುಗಳನ್ನು ತೂಗಿದರು. 114 ಹಿಂದುಳಿದವು ಎಂದು ಬಂತು. ಅದರಲ್ಲಿ 59 ಉತ್ತರದವು, 55 ದಕ್ಷಿಣದವು. ಈ ಎರಡು ಅಂಕಿಗಳನ್ನು ನಿಮ್ಮಲ್ಲಿ ಎಷ್ಟು ಜನ ಒಟ್ಟಿಗೆ ಹೇಳಿದ್ದೀರಿ? ದಕ್ಷಿಣದವರು 55 ಎಂದು ಮಾತ್ರ ಹೇಳಿ ಎಲ್ಲರೂ ಸಮಾನ ಬಡವರು ಎನ್ನುತ್ತಾರೆ. ಅದೂ ಕಣ್ಣುಕಟ್ಟೇ. ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವು, ಬೆಳಗಾವಿ ವಿಭಾಗದವು 5, ಬೆಂಗಳೂರು ವಿಭಾಗದವು 11, ಮೈಸೂರು ವಿಭಾಗದವು 2. ಹಳೆಯ ಗಡಿಯ ಗಾಯ ಕಲಬುರಗಿಯಲ್ಲಿ ಆಳವಾಗಿದೆ ಎಂಬುದಕ್ಕೂ, ಆ ಗಡಿಯ ಹೊರಗೂ ಅಷ್ಟೇ ಆಳದ ಗಾಯಗಳಿವೆ ಎಂಬುದಕ್ಕೂ ಇದೇ ಸಾಕ್ಷಿ. ಮುಂಬಯಿ ಕರ್ನಾಟಕದ 5ನ್ನೂ ಬೆಂಗಳೂರು ವಿಭಾಗದ 11ನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ, ದಕ್ಷಿಣ ಎಂಬ ಸುಲಭದ ಜಗಳಕ್ಕೆ ಆಧಾರವೇ ಉಳಿಯುವುದಿಲ್ಲ.

ಆ ವರದಿಗೆ ಎಂಟು ವರ್ಷದ ವಿಶೇಷ ಅಭಿವೃದ್ಧಿ ಯೋಜನೆಯ ಗಡುವಿತ್ತು. ಆ ಎಂಟು ವರ್ಷ ಮುಗಿದು ಎಷ್ಟೋ ಕಾಲವಾಯಿತು. 175 ಇದ್ದ ತಾಲೂಕುಗಳು 230 ದಾಟಿವೆ. ಒಂದು ಹಿಂದುಳಿದ ತಾಲೂಕು ಒಡೆದು ಎರಡಾದಾಗ ಹಣ ಯಾವುದಕ್ಕೆ ಹೋಯಿತು, ಯಾವುದು ಮೇಲೆದ್ದಿತು, ಯಾವುದು ಇನ್ನೂ ಕುಸಿಯಿತು ಎಂದು ಒಬ್ಬ ಸಾಮಾನ್ಯ ಓದುಗ ನೋಡಿ ತಿಳಿಯುವಂಥ ಒಂದು ಪಟ್ಟಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲಾಗಲಿ, ತಾಲೂಕು ಕಚೇರಿಯ ಫಲಕದ ಮೇಲಾಗಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮಗೆ ಪ್ರಾಂತದ ಹೆಸರು ಹಿಡಿದು ಜಗಳವಾಡುವುದು ಅನುಕೂಲ. ಪ್ರಾಂತಕ್ಕೆ ಯಾರೂ ಹೊಣೆಗಾರರಲ್ಲ, ತಾಲೂಕಿಗೆ ನೀವು ಹೊಣೆಗಾರರು.

ಹಾಗಾದರೆ ಹಳೆಯ ಗಡಿಯನ್ನು ಮರೆತುಬಿಡೋಣವೇ ಎಂದರೆ, ತುಂಗಭದ್ರಾ ಅಣೆಕಟ್ಟಿನ ಮೇಲೆ ನಿಂತು ಮಾತನಾಡೋಣ ಬನ್ನಿ. ಅದನ್ನು ಕಟ್ಟಿದ್ದು ಹೈದರಾಬಾದ್ ಮತ್ತು ಮದರಾಸು ಜಂಟಿಯಾಗಿ, ಎಡಬದಿ ಹೈದರಾಬಾದಿನದು, ಬಲಬದಿ ಮದರಾಸಿನದು. ಆ ಎರಡು ಸರ್ಕಾರಗಳೂ ಇಂದು ಇಲ್ಲ. ಆದರೆ ಎಡದಂಡೆಯ ಕಾಲುವೆಯನ್ನು ಕರ್ನಾಟಕ ನೋಡಿಕೊಳ್ಳುತ್ತದೆ, ಬಲದಂಡೆಯ ದೊಡ್ಡ ಕಾಲುವೆಗಳು 1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿಯ ಕೈಯಲ್ಲಿವೆ. 2024ರ ಆಗಸ್ಟ್‌ನಲ್ಲಿ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ ತುಂಬಿದ ಜಲಾಶಯದ ನೀರು ಹೊಳೆಗೆ ಹರಿದಾಗ ಗಂಗಾವತಿಯ ಭತ್ತದ ರೈತನೂ ಸಿರುಗುಪ್ಪದ ರೈತನೂ ಒಂದೇ ರಾತ್ರಿ ನಿದ್ದೆಗೆಟ್ಟರು. ಹೊಣೆ ಯಾರದು ಎಂದು ಕೇಳಿದರೆ ಮಂಡಳಿ ಎಂದೊಬ್ಬರು, ರಾಜ್ಯ ಎಂದೊಬ್ಬರು, ಕೇಂದ್ರ ಎಂದೊಬ್ಬರು. ಆ ಏರ್ಪಾಡಿನ ಹಿಂದಿನ ಇತಿಹಾಸ ಗೊತ್ತಿಲ್ಲದವನಿಗೆ ಯಾರ ಕಚೇರಿಯ ಮುಂದೆ ಕೂರಬೇಕೆಂಬುದೇ ತಿಳಿಯುವುದಿಲ್ಲ. ಗಡಿ ಗೊತ್ತಿರಬೇಕಾದದ್ದು ಹೆಮ್ಮೆಪಡಲಿಕ್ಕಲ್ಲ, ಅರ್ಜಿಯ ಮೇಲೆ ಸರಿಯಾದ ವಿಳಾಸ ಬರೆಯಲಿಕ್ಕೆ.

ಮುಂದಿನ ಅಧಿವೇಶನಕ್ಕೆ ನೀವು ಬೆಳಗಾವಿಗೆ ಹೋಗುವ ಮೊದಲು ನನ್ನ ಬೇಡಿಕೆಗಳನ್ನು ಓದಿಕೊಳ್ಳಿ. ದೊಡ್ಡವೇನಲ್ಲ. ಕಲಬುರಗಿ ವಿಭಾಗದ ಉರ್ದು ಕಂದಾಯ ದಾಖಲೆಗಳನ್ನು ಓದಬಲ್ಲವರು ಬದುಕಿರುವಾಗಲೇ ಕನ್ನಡಕ್ಕೆ ತರಿಸಿ, ಮೂಲದ ಚಿತ್ರದ ಜೊತೆಗೆ ರೈತನಿಗೆ ಸಿಗುವಂತೆ ಮಾಡಿ. ಪಹಣಿಯ ಮೇಲೆ ಸೆಂಟ್ ಇರುವಲ್ಲಿ ಪಕ್ಕದಲ್ಲೇ ಗುಂಟೆಯನ್ನೂ, ಗುಂಟೆ ಇರುವಲ್ಲಿ ಸೆಂಟನ್ನೂ ಅಚ್ಚು ಮಾಡಿಸಿ. ಗಣಕಯಂತ್ರಕ್ಕೆ ಇದು ಒಂದು ಗುಣಾಕಾರದ ಕೆಲಸ. ಉತ್ತರ ಕನ್ನಡದವರನ್ನು ಯಾವ ವಿಭಾಗಕ್ಕೆ ಸೇರಿಸಬೇಕೆಂದು ಉತ್ತರ ಕನ್ನಡದವರನ್ನೇ ಕೇಳಿ. ಕಾರವಾರದವರು ಬಡಗಣಕ್ಕೂ ಭಟ್ಕಳದವರು ತೆಂಕಣಕ್ಕೂ ಕೈ ತೋರಿಸಿದರೆ ಎರಡನ್ನೂ ಬರೆದುಕೊಳ್ಳಿ.

371ಜೆ ಗೆರೆಯನ್ನು ಮುಟ್ಟುವ ಧೈರ್ಯ ನಿಮಗಿಲ್ಲ ಎಂದು ಗೊತ್ತು. ಅದು ಸಂವಿಧಾನದ ಮಾತು, ಮುಟ್ಟುವುದು ನಿಮ್ಮೊಬ್ಬರ ಕೈಯಲ್ಲೂ ಇಲ್ಲ. ಆದರೆ ಆ ಗೆರೆಯ ಹೊರಗಿರುವ ಜಗಳೂರು, ಮೊಳಕಾಲ್ಮೂರು, ಪಾವಗಡದಂಥ ತಾಲೂಕುಗಳ ಶಾಲೆಗೆ, ವಿದ್ಯಾರ್ಥಿನಿಲಯಕ್ಕೆ, ಆಸ್ಪತ್ರೆಗೆ ರಾಜ್ಯದ ಬಜೆಟ್ಟಿನಿಂದಲೇ ಹಣ ಕೊಡಲು ಯಾವ ತಿದ್ದುಪಡಿಯೂ ಬೇಕಿಲ್ಲ. ಕಳೆದ ಹತ್ತು ವರ್ಷಗಳಲ್ಲಿ ಪ್ರತಿ ತಾಲೂಕಿಗೆ ಬಿಡುಗಡೆಯಾದ ಹಣ ಎಷ್ಟು, ಖರ್ಚಾದದ್ದು ಎಷ್ಟು, ಆ ತಾಲೂಕಿನಲ್ಲಿ ಖಾಲಿ ಇರುವ ಶಿಕ್ಷಕ ಮತ್ತು ವೈದ್ಯ ಹುದ್ದೆಗಳು ಎಷ್ಟು ಎಂಬ ಒಂದೇ ಪ್ರಶ್ನೆಯನ್ನು, ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಿ. ಉತ್ತರವನ್ನು ಜಿಲ್ಲಾವಾರು ಕೊಟ್ಟರೆ ಒಪ್ಪಿಕೊಳ್ಳಬೇಡಿ, ತಾಲೂಕುವಾರು ಕೊಡುವವರೆಗೆ ಕುಳಿತುಕೊಳ್ಳಬೇಡಿ. ಉತ್ತರ ಬಂದ ದಿನ ಅದರ ಪ್ರತಿಯನ್ನು ನಿಮ್ಮ ಕ್ಷೇತ್ರದ ತಹಸೀಲ್ದಾರ್ ಕಚೇರಿಯ ಫಲಕಕ್ಕೆ ಅಂಟಿಸಿ. ಅರ್ಜಿ ಬರೆಸಲು ಅಲ್ಲಿಗೆ ಬರುವ ಜನ ಓದಿಕೊಳ್ಳುತ್ತಾರೆ.

ಇಂತಿ,
ದಾವಣಗೆರೆಯ ಒಬ್ಬ ದಸ್ತಾವೇಜು ಬರಹಗಾರ